ನೆಲವೇ ಡೊಂಕಿತ್ತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾನು ಜೀವಮಾನದಲ್ಲಿ ಎಷ್ಟು ಜನರ ಮುಖಕ್ಕೆ ಹೇಳಿದ್ದೇನೋ ದೇವರಿಗೇ ಗೊತ್ತು. ಕೀಬೋರ್ಡಿನ ಗುಂಡಿ ಸರಿಯಿಲ್ಲ ಎಂದು ಅತ್ತ ಟೈಪಿಂಗ್ ಹುಡುಗಿಗೆ ಹೇಳಿದ್ದೇನೆ. ಶಾಯಿ ಸರಿಯಿಲ್ಲ ಎಂದ ಮಷಿನ್ನಿನವನಿಗೆ ಹೇಳಿದ್ದೇನೆ. ಜೋಳ ಸರಿಯಿಲ್ಲ, ಅದಕ್ಕೇ ರೊಟ್ಟಿ ಹರಿಯುತ್ತದೆ ಎಂದ ಪಕ್ಕದ ಮನೆಯವಳಿಗೂ ಹೇಳಿ ಜಗಳ ಕಟ್ಟಿಕೊಂಡಿದ್ದೇನೆ. ಹೀಗಿರುವಾಗ, ನಮ್ಮ ಮಾಲೀಕರು ಆ ದೊಡ್ಡ ಮಾನಿಟರ್ ತಂದು ನನ್ನ ಮುಂದೆ ಇಟ್ಟ ದಿನ ಅದರಲ್ಲಿ ನನಗೆ ಏನೂ ಓದಲಾಗದೆ ಹೋದರೆ, ಮಾನಿಟರ್ ಸರಿಯಿಲ್ಲ ಎಂದು ಯಾವ ಬಾಯಿಂದ ಹೇಳಲಿ?

ನನ್ನ ಹೆಸರು ವಿಜಯಲಕ್ಷ್ಮಿ. ಕುಷ್ಟಗಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಜೋಡಿಸುತ್ತೇನೆ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ತೊಟ್ಟಿಲು, ಯಾರ ಮನೆಯ ವಾಸ್ತುಶಾಂತಿ ಎಂಬುದು ಬೀಗರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಪ್ರೆಸ್ಸಿನ ಮಾಲೀಕ ಕೊಟ್ರೇಶ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಅವರು ನನ್ನನ್ನು ಯಕ್ಕಾ ಅನ್ನುತ್ತಾರೆ, ನಾನು ಕೊಟ್ರೇಶಣ್ಣ ಅನ್ನುತ್ತೇನೆ. ಒಳ್ಳೆಯ ಮನುಷ್ಯ, ಹೊಸ ಸಾಮಾನಿನ ಹುಚ್ಚೊಂದು ಬಿಟ್ಟರೆ.

ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಗಂಡನ ಮನೆಯ ಕಥೆ ಇಲ್ಲಿ ಬೇಡ. ಅವ್ವನ ಹೆಸರು ಉಡಚಮ್ಮ. ಅವಳಿಗೆ ಎರಡೂ ಕಣ್ಣು ಕಾಣುವುದಿಲ್ಲ. ಹುಟ್ಟು ಕುರುಡಿಯಲ್ಲ. ಸರಿಸುಮಾರು ನನ್ನ ಈಗಿನ ವಯಸ್ಸಿನಲ್ಲಿ ಬದಿಯಿಂದ ಮಬ್ಬಾಗುತ್ತ ಬಂದು, ಕೊನೆಗೆ ನಡುವಿನ ಬೆಳಕೂ ಹೋಯಿತು. ಆಗ ಅವಳು ಕಂಡವರ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದಳು. ಕಣ್ಣು ಮಂಜಾದದ್ದನ್ನು ಯಾರಿಗೂ ಹೇಳಲಿಲ್ಲ. ಒಂದು ದಿನ ಹುಲ್ಲು ಎಂದುಕೊಂಡು ಸಾಲುಗಟ್ಟಲೆ ಸಜ್ಜೆಯ ಸಸಿಗಳನ್ನೇ ಕಿತ್ತುಹಾಕಿದಳು. ನಾಳೆಯಿಂದ ಬರಬೇಡ ಎಂದು ಹೊಲದವರು ಹೇಳಿ ಕಳಿಸಿದರು. ಆಮೇಲೆ ಕೊಪ್ಪಳಕ್ಕೆ ಕರೆದೊಯ್ದರೆ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರ್ ಹೇಳಿದರು. ನಿಮಗೂ ಬರಬಹುದು, ವರ್ಷಕ್ಕೊಮ್ಮೆ ತೋರಿಸುತ್ತಿರಿ ಎಂದು ನನಗೂ ಹೇಳಿದ್ದರು. ನಾನು ಒಂದು ವರ್ಷವೂ ಹೋಗಲಿಲ್ಲ. ಕೇಳಿ ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಈಗ ಮಾನಿಟರಿನ ವಿಷಯ. ಕೊಟ್ರೇಶಣ್ಣ ಅದನ್ನು ಹುಬ್ಬಳ್ಳಿಯಿಂದ ತಂದರು. ಕಾಯಿ ಒಡೆದು, ಗಾಜಿಗೆ ಕಲೆಯಾಗಬಾರದೆಂದು ಅದರ ಬೆನ್ನಿಗೆ ವಿಭೂತಿ ಬಳಿದು, ಕಾಲಿನ ಹತ್ತಿರ ನಿಂಬೆಹಣ್ಣು ಇಟ್ಟರು. ನಮ್ಮ ಹಳೇ ಮಾನಿಟರಿನಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟು ಪಿಕ್ಸೆಲ್ ಚುಕ್ಕಿಗಳು ಇದರಲ್ಲಿವೆ ಎಂದು ಅಂಗಡಿಯವನು ಹೇಳಿಕೊಟ್ಟದ್ದನ್ನು ಬಂದವರಿಗೆಲ್ಲ ಒಪ್ಪಿಸಿದರು. ಯಾವುದೋ ಮದುಮಗಳ ಫೋಟೋ ಹಾಕಿ, ಕೌಂಟರಿನ ಆಚೆ ನಿಂತು ನೋಡಿ, ಮೂಗುಬೊಟ್ಟಿನ ಹರಳು ಸಹ ಎದ್ದು ಕಾಣುತ್ತದೆ ಎಂದು ಹಿಗ್ಗಿದರು. ಬಂದವರೂ ಅಲ್ಲೇ ನಿಂತು ನೋಡಿ ವಾಹ್ ಅಂದರು. ಕುರ್ಚಿಯ ಮೇಲೆ ಕೂತು ನೋಡಿದವಳು ನಾನೊಬ್ಬಳೇ.

ನಾವು ಪತ್ರಿಕೆ ಜೋಡಿಸುವುದು ಮಂಗಳ ಎಂಬ ಸಾಫ್ಟ್‌ವೇರಿನಲ್ಲಿ. ಗಂಗಾವತಿಯ ಮಲ್ಲೇಶ ಎಂಬವರು ಬಹಳ ಹಿಂದೆ ನಮ್ಮಂಥ ಪ್ರೆಸ್ಸುಗಳಿಗೆಂದೇ ಬರೆದದ್ದು. ಅದರ ಮೆನು, ಗುಂಡಿ, ಹೆಸರು ಎಲ್ಲವೂ ಕನ್ನಡದಲ್ಲೇ ಇವೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಹಾಗಾಗಿ ಮಂಗಳವೇ ನನ್ನ ಅನ್ನ. ಅವತ್ತು ಮಂಗಳ ತೆರೆದರೆ, ನಡುವಿನ ಪುಟವೇನೋ ಬೇಕಾದಷ್ಟು ದೊಡ್ಡದಾಯಿತು. ಆದರೆ ಸುತ್ತಲಿನ ಮೆನು ಮತ್ತು ಗುಂಡಿಗಳು ಸಾಸಿವೆ ಕಾಳಿನಷ್ಟಾಗಿ ಮೂಲೆ ಸೇರಿದ್ದವು. ಗುಂಪುಮಾಡು, ಬಿಡಿಸು, ಮರೆಮಾಡು ಎಂಬ ಹೆಸರುಗಳಿದ್ದ ಜಾಗದಲ್ಲಿ ಇರುವೆ ಸಾಲು ಹೋದಂತಿತ್ತು. ಸಾಫ್ಟ್‌ವೇರ್ ಅದೇ, ಕಂಪ್ಯೂಟರ್ ಅದೇ, ಎಲ್ಲರೂ ಚೆನ್ನಾಗಿ ಕಾಣುತ್ತದೆ ಅನ್ನುತ್ತಿದ್ದಾರೆ. ಹಾಗಾದರೆ ಉಳಿದದ್ದು ನನ್ನ ಕಣ್ಣು. ಅವ್ವನ ಕಣ್ಣು ನನಗೆ ಬಂತು ಎಂದುಕೊಂಡೆ.

ಹ್ಯಾಂಗೈತಿ ಯಕ್ಕಾ ಎಂದು ಕೊಟ್ರೇಶಣ್ಣ ಕೇಳಿದರು. ಛಲೋ ಐತ್ರಿ ಅಂದೆ.

ಅಲ್ಲಿಂದ ನನ್ನ ನಾಟಕ ಶುರುವಾಯಿತು. ಯಾವ ಗುಂಡಿ ಎಲ್ಲಿದೆ ಎಂದು ಕೈಗೆ ಅಭ್ಯಾಸವಿತ್ತಲ್ಲ, ಕಣ್ಣು ಬಿಟ್ಟು ಕೈಯನ್ನೇ ನಂಬಿದೆ. ಕೊಟ್ರೇಶಣ್ಣ ಚಹಾಕ್ಕೆ ಹೋದಾಗ ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ಓದುತ್ತಿದ್ದೆ. ಯಾರಾದರೂ ಒಳಗೆ ಬಂದರೆ ಸೆರಗಿನಿಂದ ಗಾಜು ಒರೆಸಿದಂತೆ ಮಾಡುತ್ತಿದ್ದೆ. ಅವ್ವನ ಮುಂದೆಯೂ ಬಾಯಿ ಬಿಡಲಿಲ್ಲ. ಒಂದು ಬೆಳಿಗ್ಗೆ ನಳದ ಮುಂದೆ ಕೊಡ ಹಿಡಿದು ನಿಂತವಳು ಹುಲಿಗೆಮ್ಮನಿಗೆ ಹರಕೆ ಹೊತ್ತೆ. ತಾಯೀ, ನನ್ನ ಕಣ್ಣು ನನಗೆ ಉಳಿಸು, ಹುಲಿಗಿಗೆ ಬಂದು ಬೆಳ್ಳಿಯ ಕಣ್ಣು ಒಪ್ಪಿಸುತ್ತೇನೆ ಎಂದು ಬೇಡಿಕೊಂಡೆ. ಕಣ್ಣಿನ ಕಷ್ಟಕ್ಕೆ ನಮ್ಮವರು ಬೆಳ್ಳಿಯ ಕಣ್ಣು ಹೊರುವುದು ಮೊದಲಿನಿಂದಲೂ ಇದೆ. ಅವ್ವನಿಗಾಗಿ ನಮ್ಮಜ್ಜಿಯೂ ಹೊತ್ತಿದ್ದಳು, ಆದರೆ ಆಗ ಕಾಲ ಮೀರಿತ್ತು.

ಯಲಬುರ್ಗಾದ ಕಳಕಪ್ಪ ಎಂಬ ಕಾಳಿನ ವ್ಯಾಪಾರಿಯ ಮಗಳ ಲಗ್ನಪತ್ರಿಕೆ ಬಂದದ್ದು ಆ ದಿನಗಳಲ್ಲೇ. ಅವರು ಬಂದು, ಒಂದೊಂದು ಹೆಸರನ್ನೂ ಓದಿ, ಒಪ್ಪಿಗೆ ಕೊಟ್ಟು ಹೋದರು. ಅವರು ಹೋದ ಮೇಲೆ ಮೇಲಿನ ಗಣಪತಿ ಸ್ವಲ್ಪ ಓರೆ ಇದೆ ಎನ್ನಿಸಿತು. ಸರಿಮಾಡಲು ಹೋದೆ. ಗುಂಪುಮಾಡು ಎಂದುಕೊಂಡು ಅದರ ಪಕ್ಕದ ಮರೆಮಾಡು ಒತ್ತಿದ್ದೆನೆಂದು ಕಾಣುತ್ತದೆ. ಗಣಪತಿಯ ಬದಲು, ಮೊದಲೇ ಆರಿಸಿದ್ದ ಪುಟದ ಕೆಳಗಿನ ಹೆಸರೊಂದು ಮಾಯವಾಯಿತು. ನಾನು ಗಣಪತಿಯನ್ನು ದೊಡ್ಡದು ಮಾಡಿಕೊಂಡು ನೋಡುತ್ತಿದ್ದೆ, ಕೆಳಗೆ ನೋಡಲೇ ಇಲ್ಲ. ಪತ್ರಿಕೆ ಹಾಗೇ ಅಚ್ಚಾಗಿ, ಕಟ್ಟು ಕಟ್ಟಿ, ಬಸ್ಸಿನಲ್ಲಿ ಯಲಬುರ್ಗಾಕ್ಕೆ ಹೋಯಿತು.

ಮಾಯವಾದದ್ದು ಯಾರ ಹೆಸರು ಅಂತೀರಿ? ಹುಡುಗಿಯ ಸೋದರಮಾವನದು. ಬೇರೆ ಯಾರದಾದರೂ ಹೋಗಿದ್ದರೆ ಕೈಮುಗಿದು ಸಂಭಾಳಿಸಬಹುದಿತ್ತು. ನಮ್ಮ ಕಡೆ ಮದುವೆಯಲ್ಲಿ ಸೋದರಮಾವನೆಂದರೆ ಸುಮ್ಮನೆ ಅಲ್ಲ. ಹುಡುಗಿಯನ್ನು ಹಂದರಕ್ಕೆ ಕರೆತರುವವನು ಅವನು, ಬೆನ್ನ ಹಿಂದೆ ನಿಲ್ಲುವವನು ಅವನು. ಅವನ ಹೆಸರಿಲ್ಲದ ಪತ್ರಿಕೆ ಹಂಚಿದರೆ ತವರುಮನೆಯನ್ನೇ ಬಾಗಿಲಿಂದ ಆಚೆ ನೂಕಿದಂತೆ. ಕಳಕಪ್ಪನವರ ಹೆಂಡತಿ ಪತ್ರಿಕೆ ನೋಡಿ ಊಟ ಬಿಟ್ಟು ಮಲಗಿದರಂತೆ. ಬೇಕೆಂದೇ ತೆಗೆಸಿದ್ದೀರಿ ಎಂದು ಗಂಡನ ಮೇಲೆ ಹರಿಹಾಯ್ದರಂತೆ. ಮರುದಿನ ಕಳಕಪ್ಪನವರು ಪತ್ರಿಕೆಯ ಕಟ್ಟು ಹೊತ್ತು ಮೊದಲ ಬಸ್ಸಿಗೇ ಬಂದಿಳಿದರು. ಬೈಯಲಿಲ್ಲ. ಕಟ್ಟನ್ನು ಕೌಂಟರಿನ ಮೇಲಿಟ್ಟು, ನನಗೇನೂ ಬ್ಯಾಡ್ರಿ, ನನ್ನ ಹೆಂಡತಿ ಉಣ್ಣೂ ಹಂಗ ಮಾಡಿಕೊಡ್ರಿ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಎಲ್ಲವನ್ನೂ ಮತ್ತೆ ಅಚ್ಚು ಹಾಕಿ ಕೊಟ್ಟೆವು. ಏನಾಯ್ತು ಯಕ್ಕಾ ಎಂದು ಕೊಟ್ರೇಶಣ್ಣ ಕೇಳಿದರು. ಕೈ ತಪ್ಪಿತು ಎಂದೆ. ಅವರು ಹೆಚ್ಚು ಕೆದಕಲಿಲ್ಲ. ಆದರೆ ಸ್ವಲ್ಪ ಹೊತ್ತು ಬಿಟ್ಟು, ಇನ್ನು ಸೀಜನ್ ಬಂತು, ನಿಮ್ಮ ಕೈಕೆಳಗೆ ಒಬ್ಬಾಕಿ ಇರ್ಲಿ ಅಂದರು. ಕೈಕೆಳಗೆ ಎಂದರೆ ಏನರ್ಥ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಇವತ್ತು ಕೈಕೆಳಗೆ, ನಾಳೆ ಕುರ್ಚಿಯ ಮೇಲೆ. ಸಜ್ಜೆಯ ಸಸಿ ಕಿತ್ತ ಅವ್ವನಿಗೆ ಹೊಲದವರು ಹೇಳಿದ ಮಾತು ನನ್ನ ಬಾಗಿಲಿಗೂ ಬಂದಿತ್ತು, ಸ್ವಲ್ಪ ಮರ್ಯಾದೆಯ ಅಂಗಿ ತೊಟ್ಟು.

ಹಾಗೆ ಬಂದವಳು ಶ್ವೇತಾ. ತಾವರಗೇರಾದ ಹುಡುಗಿ, ದಿನಾ ಬಸ್ಸಿಗೆ ಬಂದು ಹೋಗುವವಳು. ತಾಯಿ ತಂದೆ ಇಬ್ಬರೂ ಕೂಲಿ ಮಾಡಿ ಕಂಪ್ಯೂಟರ್ ಡಿಪ್ಲೊಮಾ ಓದಿಸಿದ್ದರು. ಮಿರಿಮಿರಿ ಮಿಂಚುವ ಕಣ್ಣುಗಳು, ಓಣಿಯ ಆ ತುದಿಯ ಬೋರ್ಡನ್ನು ಇಲ್ಲಿಂದಲೇ ಓದುವಂಥವು. ಆ ಕಣ್ಣು ನೋಡಿಯೇ ನನಗೆ ಸಿಟ್ಟು ಬಂತು. ಅವಳಿಗೆ ಒಂದು ಸ್ಟೂಲ್ ಕೊಟ್ಟು ಬದಿಗೆ ಕೂರಿಸಿದೆ. ಮೌಸ್ ಮುಟ್ಟಲು ಬಿಡಲಿಲ್ಲ. ಏನಾದರೂ ಕೇಳಿದರೆ, ನೋಡಿ ಕಲಿ ಎಂದೆ. ನಾನು ಏನು ಮಾಡುತ್ತಿದ್ದೇನೆಂದು ನನಗೇ ಕಾಣುತ್ತಿರಲಿಲ್ಲ, ಅವಳು ನೋಡಿ ಕಲಿಯುವುದೇನು? ಪಾಪ, ಆ ಹುಡುಗಿ ಕೈಕಟ್ಟಿಕೊಂಡು ಕೂತಿರುತ್ತಿದ್ದಳು. ತಂದ ಬುತ್ತಿಯಲ್ಲಿ ನನಗೂ ಒಂದು ರೊಟ್ಟಿ ತೆಗೆದಿಡುತ್ತಿದ್ದಳು. ನಾನು ತಿನ್ನುತ್ತಿದ್ದೆ, ಆದರೆ ಮುಖ ಬಿಗಿದುಕೊಂಡೇ ತಿನ್ನುತ್ತಿದ್ದೆ.

ಒಂದು ದಿನ ಮಧ್ಯಾಹ್ನ ತೊಟ್ಟಿಲ ಕಾರ್ಯಕ್ರಮದ ಸಣ್ಣ ಪತ್ರಿಕೆಯೊಂದು ಬಂತು. ಇದನ್ನ ಶ್ವೇತಾ ಮಾಡ್ಲಿ ಯಕ್ಕಾ, ನೀವು ಸ್ವಲ್ಪ ದಣಿವಾರಿಸಿಕೊಳ್ರಿ ಎಂದು ಕೊಟ್ರೇಶಣ್ಣ ಹೇಳಿದರು. ಕುರ್ಚಿ ಬಿಟ್ಟು ಎದ್ದೆ. ಅಷ್ಟು ವರ್ಷ ಕೂತ ಕುರ್ಚಿ, ನನ್ನ ಬೆನ್ನಿನ ಆಕಾರಕ್ಕೇ ತಗ್ಗು ಬಿದ್ದಿತ್ತು. ಅದರಲ್ಲಿ ಆ ಹುಡುಗಿ ಕೂತಳು. ನಾನು ಗೋಡೆಗೆ ಆತು ನಿಂತೆ. ಇನ್ನು ಇವಳ ಕೈ ಪಟಪಟ ಓಡುತ್ತದೆ, ಕೊಟ್ರೇಶಣ್ಣ ನೋಡುತ್ತಾರೆ, ಸಂಜೆಗೆ ನನ್ನ ಕಥೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆ.

ಶ್ವೇತಾ ಮಂಗಳ ತೆರೆದಳು. ನೆಟ್ಟಗೆ ಕೂತಿದ್ದವಳು ಸ್ವಲ್ಪ ಮುಂದೆ ಬಾಗಿದಳು. ಇನ್ನೂ ಬಾಗಿದಳು. ಕಣ್ಣು ಕಿರಿದು ಮಾಡಿದಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು. ಆ ಭಂಗಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಒಮ್ಮೆ ಕೊಟ್ರೇಶಣ್ಣನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

"ಅಕ್ಕಾರ," ಅಂದಳು, "ನನಗ ಇದು ಕಾಣವಲ್ದ್ರಿ."

ಮೆನುವಿನ ಮೂಲೆಯನ್ನು ಬೆರಳಿನಿಂದ ತೋರಿಸಿದಳು.

"ಬೈಬ್ಯಾಡ್ರಿ. ಇದರಾಗ ಏನ್ ಬರದೈತಿ ಅಂತ ಒಂದೂ ಓದಾಕ ಬರವಲ್ದು. ನೀವು ದಿನಾ ಹ್ಯಾಂಗ್ ಓದ್ತೀರಿ?"

ದಿನಾ ಹೇಗೆ ಓದುತ್ತೀರಿ! ಗೋಡೆಗೆ ಆತವಳು ಹಾಗೇ ಜಾರಿ ಕಾಗದದ ರೀಮುಗಳ ಮೇಲೆ ಕೂತುಬಿಟ್ಟೆ. ಅಳು ಬಂತು. ಯಾರ ಮುಂದೆಯೂ ಅತ್ತವಳಲ್ಲ ನಾನು, ಗಂಡನ ಮನೆ ಬಿಟ್ಟು ಬಂದಾಗಲೂ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಗೆ ಜಗಳವಾಡುತ್ತಲೇ ಬಂದವಳು. ಅವತ್ತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಈ ಎಳೆಯ ಕಣ್ಣಿಗೂ ಕಾಣುವುದಿಲ್ಲವಂತೆ. ಕುಣಿಯುವವಳ ಕಾಲು ಸರಿಯಾಗಿತ್ತು, ನೆಲವೇ ಡೊಂಕಿತ್ತು. ಶ್ವೇತಾ ಹೆದರಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಾನೇನು ತಪ್ಪು ಅಂದೆ ಎಂದು ಕೇಳತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡೆ.

ಕೊಟ್ರೇಶಣ್ಣ ಗಾಬರಿಯಾಗಿ ಕೌಂಟರ್ ದಾಟಿ ಬಂದರು. ಮಾನಿಟರ್ ತಂದ ಮೇಲೆ ಮೊದಲ ಸಲ ಆ ಕುರ್ಚಿಯಲ್ಲಿ ಕೂತರು. ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. ಮೆನು ಎಲ್ಲಿದೆ ಎಂದು ಕೇಳಿದರು. ಶ್ವೇತಾ ಬೆರಳಿಟ್ಟು ತೋರಿಸಿದಳು. ಅವರು ಬಹಳ ಹೊತ್ತು ಅದನ್ನೇ ನೋಡಿ ನನ್ನ ಕಡೆ ತಿರುಗಿದರು.

"ಯಕ್ಕಾ, ಇಷ್ಟ ದಿನ ಇದನ್ನ ಹ್ಯಾಂಗ್ ಓದಿದ್ರಿ?"

"ಓದಿಲ್ರಿ," ಅಂದೆ. "ನೆನಪಿನ ಮ್ಯಾಲ ಒತ್ತೀನಿ. ಅದಕ್ಕ ಯಲಬುರ್ಗಾದ ಮಾವ ಮಾಯ ಆದ."

ಕೊಟ್ರೇಶಣ್ಣನ ಮುಖ ಸಣ್ಣದಾಯಿತು. ನಾನು ದೂರದಿಂದ ಚಿತ್ರ ನೋಡಿ ಖುಷಿಪಟ್ಟೆ, ಕೂತು ಮಾಡುವವರನ್ನು ಕೇಳಲಿಲ್ಲ ಎಂದರು. ನೀವು ಕೇಳಿದ್ದಿರಿ, ನಾನೇ ಛಲೋ ಐತಿ ಅಂದಿದ್ದೆ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ. ಈ ವಿಷಯಕ್ಕೆ ಇಬ್ಬರೂ ಸ್ವಲ್ಪ ಹೊತ್ತು ಜಗಳವಾಡಿದೆವು, ತಪ್ಪು ನನ್ನದು ನನ್ನದು ಎಂದು. ಶ್ವೇತಾ ನಡುವೆ ಕೂತು ನಕ್ಕಳು.

ಆಮೇಲೆ ರಿಪೇರಿ ಶುರುವಾಯಿತು. ಶ್ವೇತಾ ಮೊದಲು ಕಂಪ್ಯೂಟರಿನ ಸೆಟ್ಟಿಂಗಿಗೆ ಹೋಗಿ ಎಲ್ಲ ಅಕ್ಷರ ದೊಡ್ಡದಾಗಲಿ ಎಂದು ಹೇಳಿದಳು. ಉಳಿದದ್ದೆಲ್ಲ ದೊಡ್ಡದಾಯಿತು, ಮಂಗಳ ಮಾತ್ರ ಮೊಂಡು ಎತ್ತಿನಂತೆ ಜಗ್ಗಲಿಲ್ಲ. ಹಾಗಾದರೆ ಮಾನಿಟರಿನ ಚುಕ್ಕಿಗಳನ್ನೇ ಕಡಿಮೆ ಮಾಡೋಣ ಎಂದು ಮಾಡಿದಳು. ಮೆನು ದೊಡ್ಡದಾಯಿತು, ಆದರೆ ಎಲ್ಲ ಅಕ್ಷರವೂ ಒದ್ದೆ ಕಾಗದದ ಮೇಲೆ ಬರೆದ ಹಾಗೆ ಹರಡಿತು. ಇಷ್ಟು ದೊಡ್ಡ ಮಾನಿಟರ್ ತಂದದ್ದು ಮಂಜು ನೋಡಲಿಕ್ಕೇನು ಎಂದು ಕೊಟ್ರೇಶಣ್ಣ ಗೊಣಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಯಿತು. ಇದು ಮಂಗಳ ಬರೆದವರೇ ಸರಿ ಮಾಡಬೇಕಾದದ್ದು ಎಂದಳು ಶ್ವೇತಾ.

ಯಾಕೆ ಹೀಗಾಗುತ್ತದೆ ಎಂದು ಕೇಳಿದೆ. ಗುಂಡಿ ಇಷ್ಟು ಚುಕ್ಕಿ ಅಗಲ ಇರಬೇಕು ಎಂದು ಮಂಗಳದಲ್ಲಿ ಬರೆದುಬಿಟ್ಟಿದ್ದಾರೆ, ಹಳೇ ಮಾನಿಟರಿನ ಚುಕ್ಕಿ ದೊಡ್ಡದು, ಇದರ ಚುಕ್ಕಿ ಸಣ್ಣದು, ಲೆಕ್ಕ ಅಷ್ಟೇ ಇದ್ದರೂ ಗುಂಡಿ ಸಣ್ಣದಾಗುತ್ತದೆ ಎಂದಳು. ನನಗೆ ಥಟ್ಟನೆ ಹೊಳೆಯಿತು. ಬಸ್ ಸ್ಟ್ಯಾಂಡಿನ ಮುಂದೆ ಹೂ ಮಾರುವ ಹುಲಿಗವ್ವ ತನ್ನ ಮೊಳದಲ್ಲಿ ಅಳೆದು ಕೊಡುತ್ತಾಳೆ. ಒಮ್ಮೆ ಅವಳ ಬದಲು ಮೊಮ್ಮಗಳು ಕೂತಿದ್ದಳು. ಅದೇ ಎರಡು ಮೊಳ ಮಲ್ಲಿಗೆ, ನನ್ನ ಜಡೆಗೆ ಸಾಕಾಗಲೇ ಇಲ್ಲ. ಮೊಳ ಎರಡೇ, ಕೈ ಬೇರೆ. ಹಾಗೇ ಇದು ಎಂದೆ. ಶ್ವೇತಾ ಹೌದ್ರಿ, ಖರೇ ಅಂದ್ರ ಅದ ಐತಿ ಎಂದು ತಲೆಯಾಡಿಸಿದಳು.

ಮಲ್ಲೇಶರಿಗೆ ಫೋನ್ ಮಾಡಿದ್ದು ನಾನೇ. ಮೊದಲು ಚೆನ್ನಾಗಿ ಬೈದೆ. ಅಷ್ಟು ದಿನದ ಹೆದರಿಕೆಯೆಲ್ಲ ಬಾಯಿಂದ ಬಂತು. ಅವರು ತಿರುಗಿ ಬೈಯಲಿಲ್ಲ. ಯಕ್ಕಾ, ಅಂಥಾ ಮಾನಿಟರ್ ಮುಂದ ನಾ ಒಮ್ಮೇನೂ ಕುಂತಿಲ್ಲ, ನಾನ ಬಂದು ನೋಡಲೇನ್ರಿ ಎಂದು ಕೇಳಿದರು. ನನ್ನ ಸಿಟ್ಟು ಅಲ್ಲೇ ತಣ್ಣಗಾಯಿತು. ಮರುದಿನ ಗಂಗಾವತಿಯಿಂದ ಬಸ್ಸಿಗೆ ಬಂದರು. ಹೆಗಲಿಗೆ ಹಳೇ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ನಮಗೆಂದು ತಂದ ಸೋನಾ ಮಸೂರಿ ಅಕ್ಕಿಯ ಸಣ್ಣ ಗಂಟು. ಅವರು ಇರುವುದು ರೈಸ್ ಮಿಲ್ಲಿನ ಮೇಲಿನ ಕೋಣೆಯಲ್ಲಂತೆ.

ಕುರ್ಚಿಯಲ್ಲಿ ಕೂತು ತಮ್ಮದೇ ಮಂಗಳವನ್ನು ನೋಡಿದ ಮಲ್ಲೇಶರು ತಾವೂ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. ಆಮೇಲೆ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. ಈ ಎರಡು ಮೂರು ವರ್ಷಗಳಲ್ಲಿ ಎಷ್ಟೋ ಪ್ರೆಸ್ಸಿನವರು ಒಬ್ಬೊಬ್ಬರಾಗಿ ಮಂಗಳ ಬಿಟ್ಟರಂತೆ. ಯಾಕೆಂದು ಯಾರೂ ಹೇಳಲಿಲ್ಲವಂತೆ. ತನ್ನ ಕೆಲಸದಲ್ಲಿ ಕಸುವು ಹೋಯಿತೆಂದು ಅವರು ಬೇರೆ ನೌಕರಿ ಹುಡುಕುತ್ತಿದ್ದರಂತೆ. "ಕಾಣವಲ್ದು ಅಂತ ಒಬ್ಬರರ ಹೇಳಿದ್ರ ಸಾಕಿತ್ತು. ನೀವು ಬೈದು ಫೋನ್ ಮಾಡಿದ್ದು ನನಗ ಭಾಳ ಉಪಕಾರ ಆತು ಯಕ್ಕಾ," ಅಂದರು. ಬೈಸಿಕೊಂಡು ಉಪಕಾರ ಅನ್ನುವ ಮನುಷ್ಯನಿಗೆ ಏನು ಹೇಳುವುದು? ಚಹಾ ತರಿಸಿದೆ.

ಅವರು ಅಲ್ಲೇ ಕೂತು ಕೆಲಸಕ್ಕೆ ಹತ್ತಿದರು. ಮಂಗಳ ತೆರೆಯುವಾಗಲೇ ಮಾನಿಟರನ್ನು, ನಿನ್ನ ಚುಕ್ಕಿ ಎಷ್ಟು ಸಣ್ಣದು ಎಂದು ಕೇಳಿ, ಅದಕ್ಕೆ ತಕ್ಕಂತೆ ಗುಂಡಿಗಳನ್ನು ಹಿಗ್ಗಿಸುವಂತೆ ಬರೆದರು. ಮೊದಲ ಸಲ ಅಕ್ಷರ ದೊಡ್ಡದಾಯಿತು, ಅದರ ಚೌಕ ದೊಡ್ಡದಾಗಲಿಲ್ಲ. ಇಂಗ್ಲಿಷಿಗಾದರೆ ನಡೆಯುತ್ತಿತ್ತೇನೋ, ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು ಇರುತ್ತದಲ್ಲ, ಒತ್ತುಗಳೆಲ್ಲ ಕತ್ತರಿಸಿ ಹೋದವು. ಮನೆ ದೊಡ್ಡದಾಗದೆ ಸಂಸಾರ ದೊಡ್ಡದಾದರೆ ಹೀಗೇ ಆಗುತ್ತದೆ, ಚೌಕವನ್ನೂ ಹಿಗ್ಗಿಸಿ ಎಂದೆ. ಹಿಗ್ಗಿಸಿದರು. ಗುಂಡಿಗಳ ಚಿತ್ರಗಳು ಅಂಚಿನಲ್ಲಿ ಗರಗಸದಂತೆ ಕಂಡವು, ಅವನ್ನು ಹೊಸದಾಗಿ ಬರೆದುಕೊಟ್ಟವಳು ಶ್ವೇತಾ. ಗುಂಡಿ ಎಷ್ಟು ದೊಡ್ಡದಿರಬೇಕು ಎಂದು ಅವರು ಕೇಳಿದರೆ ನಾನು ಗಾಜಿನ ಮೇಲೆ ಹೆಬ್ಬೆರಳು ಒತ್ತಿ, ಈ ಉಗುರಷ್ಟು ಎಂದೆ. ಮರೆಮಾಡು ಗುಂಡಿಯನ್ನು ಗುಂಪುಮಾಡು ಪಕ್ಕದಿಂದ ಎತ್ತಿ ಆಚೆ ತುದಿಗೆ ಹಾಕಿಸಿದೆ. ಇನ್ನು ಯಾರ ಮಾವನೂ ಮಾಯವಾಗಬಾರದು.

ಸರಿಯಾಯಿತೋ ಇಲ್ಲವೋ ಎಂದು ನೋಡಲು ನಾನೊಂದು ನಿಯಮ ಮಾಡಿದೆ. ಬೆನ್ನು ಕುರ್ಚಿಗೆ ತಾಗಿರಬೇಕು, ಹಾಗೆ ಕೂತು ಓದಲು ಬರಬೇಕು. ಶ್ವೇತಾ ಕೂತು ಓದಿದಳು. ಕೊಟ್ರೇಶಣ್ಣ ಕೂತು ಓದಿದರು. ಕೊನೆಗೆ ನಾನು ಕೂತೆ. ನನ್ನ ಬೆನ್ನು ನನ್ನದೇ ತಗ್ಗಿಗೆ ಹೋಗಿ ಸೇರಿತು. ಗುಂಪುಮಾಡು, ಬಿಡಿಸು, ಅಳತೆ, ಬಣ್ಣ. ಕಡೆದಿಟ್ಟ ಹಾಗೆ ಸ್ಪಷ್ಟವಾಗಿ, ಹಳೇ ಮಾನಿಟರಿನಲ್ಲೂ ಕಾಣದಷ್ಟು ಚೆಂದವಾಗಿ ಕಂಡವು. ಆ ಮಾನಿಟರನ್ನು ಅಷ್ಟು ದಿನ ಶನಿ ಎಂದು ಬೈದಿದ್ದೆ. ಅವತ್ತು ನಾನೇ ಅದರ ಬೆನ್ನಿಗೆ ಹೊಸ ವಿಭೂತಿ ಹಚ್ಚಿದೆ.

ಇಷ್ಟಾದರೂ ಒಂದು ಮುಳ್ಳು ಉಳಿದಿತ್ತು. ನನ್ನ ಕಣ್ಣು ನಿಜವಾಗಿಯೂ ಸರಿಯಿದೆಯೇ? ಅವ್ವನ ಕಥೆಯನ್ನು ಶ್ವೇತಾಗೆ ಹೇಳಿದ್ದೆ. ಅವಳು ಬಿಡಲಿಲ್ಲ. ರಜೆಯ ದಿನ ಕೊಪ್ಪಳದ ಕಣ್ಣಿನ ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡೇ ಹೋದಳು. ಹೊರಗೆ ಬೆಂಚಿನ ಮೇಲೆ ಅವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಡಾಕ್ಟರ್ ಹನಿ ಹಾಕಿದರು, ಬೆಳಕು ಬಿಟ್ಟರು, ಒತ್ತಡ ಅಳೆದರು. ಏನೂ ಇಲ್ಲ, ನರ ಚೆನ್ನಾಗಿದೆ, ಓದಲು ಒಂದು ಕನ್ನಡಕ ಸಾಕು, ವರ್ಷಕ್ಕೊಮ್ಮೆ ತಪ್ಪದೆ ಬನ್ನಿ ಎಂದರು. ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಹನಿ ಹಾಕಿದ ಕಣ್ಣಿಗೆ ಎಲ್ಲವೂ ಬೆಳ್ಳಗೆ ಕಾಣುತ್ತಿತ್ತು. ಅಷ್ಟು ಸಂತೋಷ ನನಗೆ ಬೇರೆ ಯಾವಾಗಲೂ ಆಗಿಲ್ಲ.

ಬರುವ ದಾರಿಯಲ್ಲಿ ಬಸ್ಸಿನಲ್ಲಿ ಅವಳನ್ನು ಕೇಳಿದೆ, ಅವತ್ತು ಯಾಕೆ ಹೇಳಿದೆ, ಕಾಣುತ್ತದೆ ಎಂದು ನನ್ನ ಹಾಗೆ ಸುಮ್ಮನಿರಬಹುದಿತ್ತಲ್ಲ ಎಂದು. ಅವಳು ಕಿಟಕಿಯಾಚೆ ನೋಡುತ್ತ, ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ ಎಂದಳು. ಇಷ್ಟು ದುಬಾರಿ ಮಾನಿಟರ್ ಓದಲು ಬರದವಳು ಎಂದು ವಾಪಸ್ ಕಳಿಸಿದರೆ ಮನೆಯಲ್ಲಿ ಏನು ಹೇಳುವುದು ಎಂದು ಹೆದರಿದ್ದಳಂತೆ. ಆದರೆ ಸುಳ್ಳು ಹೇಳಿ ಒತ್ತಿದರೆ ಯಾರ ಮನೆಯದೋ ಮಗುವಿನ ಹೆಸರು ಹೋಗಿಬಿಡುತ್ತದೆ ಎಂದುಕೊಂಡಳಂತೆ. ಇಪ್ಪತ್ತು ದಾಟಿದ ಹುಡುಗಿ. ಐವತ್ತಕ್ಕೆ ಬಂದ ನನಗೆ ಆ ಧೈರ್ಯ ಇರಲಿಲ್ಲ. ಈಗ ಯಾರಾದರೂ ನೆಲ ಡೊಂಕು ಎಂದರೆ ನಾನು ಗಾದೆ ಹೇಳುವುದಿಲ್ಲ, ಬಗ್ಗಿ ನೆಲ ನೋಡುತ್ತೇನೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಕೌದಿಯ ಮೇಲೆ ಕೂತು ಕೊನೆಯವರೆಗೆ ಕೇಳಿದಳು. ಕಣ್ಣಿಗೆ ಏನೂ ಆಗಿರಲೇ ಇಲ್ಲವಲ್ಲ, ಹಾಗಾದರೆ ಬೆಳ್ಳಿ ಕಣ್ಣಿನ ಹರಕೆ ತೀರಿಸಬೇಕೋ ಬೇಡವೋ ಎಂದು ಕೇಳಿದೆ. ಅವ್ವ ಬೈದಳು. ಕಣ್ಣು ಬೇಡಿದೆ, ಕೊಟ್ಟಳು, ಅದು ತಾವರಗೇರಾ ಬಸ್ಸಿನಲ್ಲಿ ಬಂದರೆ ನಿನಗೇನು, ಎಂದಳು. ಆ ಹುಡುಗಿಯನ್ನೂ ಹುಲಿಗಿಗೆ ಕರೆದುಕೊಂಡು ಬಾ, ನಾನೂ ಬರುತ್ತೇನೆ ಎಂದು ಹಟ ಹಿಡಿದಳು.

ಹಾಗೆ ಮೂವರೂ ಹೋದೆವು. ಹೊಳೆಯಲ್ಲಿ ಕಾಲು ತೊಳೆದು, ಸಾಲಿನಲ್ಲಿ ನಿಲ್ಲುವ ಮೊದಲು ನೆರಳಿಗೆ ಕೂತೆವು. ಬೆಳ್ಳಿಯ ಕಣ್ಣುಗಳು ನನ್ನ ಸೆರಗಿನ ಗಂಟಿನಲ್ಲಿದ್ದವು. ಅವ್ವ ಶ್ವೇತಾಳನ್ನು ಹತ್ತಿರ ಕರೆದಳು. ಎರಡೂ ಕೈಯಿಂದ ಅವಳ ಮುಖ ಸವರಿದಳು. ಹಣೆ, ಹುಬ್ಬು, ಕೆನ್ನೆ. ಕಣ್ಣ ರೆಪ್ಪೆಯ ಮೇಲೆ ಹೆಬ್ಬೆರಳುಗಳನ್ನು ಮೆಲ್ಲಗೆ ಇಟ್ಟಳು. ಶ್ವೇತಾ ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದಳು.

"ನನಗ ಕಾಣವಲ್ದು ಅಂತ ನಾ ಅವತ್ತು ಹೊಲದಾಗ ಹೇಳಲಿಲ್ಲ ತಂಗೀ," ಎಂದಳು ಅವ್ವ. "ಬಾಜೂಕ ಕಳಿ ತಗಿಯೋರೂ ಯಾರೂ ಕೇಳಲಿಲ್ಲ. ನೀ ಅವತ್ತು ಕಾಣತೈತ್ರಿ ಅಂದಿದ್ದಿ ಅಂದ್ರ, ನನ್ನ ಮಗಳು ಕಣ್ಣ ಇದ್ದೂ ಕೆಲಸ ಕಳಕೊಂಡು ನನ್ನ ಮಗ್ಗಲಕ ಬಂದು ಕುಂದರತಿದ್ಲು."

ಸಾಲು ಮುಂದೆ ಹೋಗುತ್ತಿತ್ತು. ನಾನು ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಕಣ್ಣುಗಳನ್ನು ಶ್ವೇತಾಳ ಅಂಗೈಯಲ್ಲಿ ಇಟ್ಟೆ. ಹರಕೆ ನಿಮ್ಮದಲ್ಲವೇ ಅಕ್ಕಾರ ಎಂದಳು. ಹೊತ್ತದ್ದು ನಾನು, ಫಲಿಸಿದ್ದು ನಿನ್ನಿಂದ, ನೀನೇ ಒಪ್ಪಿಸು ಎಂದು ಹೇಳಿ, ಅವ್ವನ ಕೈ ಹಿಡಿದುಕೊಂಡು ಶ್ವೇತಾಳ ಹಿಂದೆ ನಡೆದೆ.